ಮಧುಮತಿಯ ಕುರ್ಚಿ

ಮಧುಮತಿಯ ಬೆರಳುಗಳು ಮೊದಲು ಸೋತದ್ದು ಮಗ್ಗದ ಮುಂದೆ. ಹರಿದ ಎಳೆಗೆ ಗಂಟು ಹಾಕಲು ಹೋದರೆ ಅವು ಮಾತೇ ಕೇಳಲಿಲ್ಲ. ಬನಹಟ್ಟಿಯ ಆ ಮನೆಯಲ್ಲಿ ಗಂಡ ಲಗಮಣ್ಣನ ಜೊತೆ ಪವರ್‌ಲೂಮ್ ನೋಡಿಕೊಳ್ಳುತ್ತಿದ್ದವಳು ಅವಳು. ಆಮೇಲೆ ಕಾಲುಗಳೂ ಹೋದವು. ಇದು ನರಗಳ ರೋಗ, ಮದ್ದಿಲ್ಲ, ಒಂದೊಂದೇ ಅಂಗ ಸೋಲುತ್ತ ಹೋಗುತ್ತದೆ ಎಂದು ಬೆಳಗಾವಿಯ ವೈದ್ಯರು ಅವಳ ತಮ್ಮ ಶಿವಯೋಗಿಯನ್ನು ಪಕ್ಕಕ್ಕೆ ಕರೆದು ಹೇಳಿದರು. ಅದನ್ನು ಅಕ್ಕನಿಗೆ ಹೇಗೆ ತಿಳಿಸುವುದೆಂದು ಅವನು ದಾರಿಯುದ್ದಕ್ಕೂ ಒದ್ದಾಡುತ್ತಿದ್ದ. ಮಹಾಲಿಂಗಪುರ ದಾಟುವಾಗ ಅವಳೇ, ತನಗೆ ಗೊತ್ತಾಗಿದೆ, ಲಗಮಣ್ಣನಿಗೆ ಮಾತ್ರ ಈಗಲೇ ಹೇಳಬೇಡ ಎಂದಳು.

ಪುಣೆಯ ಸೇವಾಸಂಸ್ಥೆಯೊಂದು ಬಳಸಿದ ವಿದ್ಯುತ್ ಗಾಲಿಕುರ್ಚಿ ಕೊಟ್ಟಿತು. ಅದರ ತೋಳಿನ ಮೇಲಿನ ಪುಟ್ಟ ಹಿಡಿಯನ್ನು, ಜಾಯ್‌ಸ್ಟಿಕ್ಕನ್ನು, ಬಲಗೈಯಿಂದ ಒಂದಿಷ್ಟು ಒತ್ತಿದರೆ ಸಾಕು, ಕುರ್ಚಿ ಹೊರಡುತ್ತಿತ್ತು. ಮಧುಮತಿ ತಾನೇ ಮಗ್ಗಗಳ ನಡುವೆ ಓಡಾಡಿ, ಎಲ್ಲಿ ಎಳೆ ಹರಿದಿದೆ ಎಂದು ಗಂಡನಿಗೆ ತೋರಿಸತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಬಲಗೈಯೂ ಸೋತಿತು.

"ತಮ್ಮಾ, ಯಾವಾಗ್ಲೂ ನೂಕಿಸ್ಕೊಂಡು ಹೋಗಾಕ ಬ್ಯಾಸರಾಗೇತಿ," ಎಂದಳು ಶಿವಯೋಗಿಗೆ. "ತಲಿ ಇನ್ನೂ ಆಡತೈತಿ ನೋಡು. ಅದರಿಂದ ಕುರ್ಚಿ ನಡಸಾಕ ಬರ್ತೈತೇನು?"

ಶಿವಯೋಗಿಗೆ ಜಮಖಂಡಿಯ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಕೆಲಸ. ಹೊಸ ಟ್ರ್ಯಾಕ್ಟರಿನ ಒಂದೊಂದು ಭಾಗದೊಳಗೂ ಸಣ್ಣ ಕಂಪ್ಯೂಟರ್ ಇರುತ್ತದೆ. ಅವೆಲ್ಲ ಕ್ಯಾನ್ ಬಸ್ ಎಂಬ ಎರಡು ತಂತಿಗಳ ಮೇಲೆ ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುತ್ತವೆ. ಆ ತಂತಿಗಳಿಗೆ ಬೆಂಕಿಪೊಟ್ಟಣದಷ್ಟು ಅಡಾಪ್ಟರ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಸಂದೇಶ ಓದಿ, ಕೆಟ್ಟದ್ದು ಯಾವುದೆಂದು ಹೇಳುವುದು ಅವನ ಕೆಲಸ. ಕುರ್ಚಿಯ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಅಲ್ಲಿಯೂ ಅವೇ ಎರಡು ತಂತಿ. ನೋಡೋಣ ಅಕ್ಕಾ ಎಂದ.

ವರ್ಕ್‌ಶಾಪಿನ ಅಡಾಪ್ಟರ್ ಕಂಪನಿಯ ಟ್ರ್ಯಾಕ್ಟರಿನೊಂದಿಗಲ್ಲದೆ ಬೇರೆ ಯಾವುದರೊಂದಿಗೂ ಕೆಲಸ ಮಾಡುತ್ತಿರಲಿಲ್ಲ. ಬೇರೊಂದನ್ನು ತರಿಸಿದ. ಅದರೊಡನೆ ಮಾತಾಡಲು ಲ್ಯಾಪ್‌ಟಾಪಿನ ತಂತ್ರಾಂಶಕ್ಕೆ ಪ್ಲಗಿನ್ ಎಂಬ ಪುಟ್ಟ ಪೂರಕ ತಂತ್ರಾಂಶವೊಂದನ್ನು ಸೇರಿಸಬೇಕು. ಒಂದು ಅಡಾಪ್ಟರಿನ ಪ್ಲಗಿನ್ನಿಗೆ ಇನ್ನೊಂದು ಅಡಾಪ್ಟರ್ ಗೊತ್ತಾಗುವುದಿಲ್ಲ. ಮೊದಲು ಹಾಕಿದ್ದು, ಯಾವ ಸಾಧನವೂ ಕಾಣುತ್ತಿಲ್ಲ ಎಂದಿತು. ಮತ್ತೊಂದನ್ನು ಹುಡುಕಿ ಹಾಕಿದಾಗ ಪರದೆಯ ಮೇಲೆ ಅಂಕಿಗಳು ಸಾಲಾಗಿ ಇಳಿಯತೊಡಗಿದವು. ಜಾಯ್‌ಸ್ಟಿಕ್ಕನ್ನು ಅವನು ಮುಂದಕ್ಕೆ ಒತ್ತುತ್ತಿದ್ದ, ಯಾವ ಅಂಕಿ ಬದಲಾಯಿತೆಂದು ಮಧುಮತಿ ಓದಿ ಹೇಳುತ್ತಿದ್ದಳು. ಆಗ ಅವಳ ದನಿ ಇನ್ನೂ ಸ್ಪಷ್ಟವಿತ್ತು.

ಅದೇ ಅಂಕಿಗಳನ್ನು ಲ್ಯಾಪ್‌ಟಾಪಿನಿಂದ ಕಳಿಸಿದರೆ ಕುರ್ಚಿ ಸೆಟೆದು ನಿಂತುಬಿಡುತ್ತಿತ್ತು. ಮುಂದೆ ಹೋಗು ಎಂದು ಲ್ಯಾಪ್‌ಟಾಪ್ ಹೇಳುವಾಗಲೇ, ನಿಲ್ಲು ಎಂದು ಜಾಯ್‌ಸ್ಟಿಕ್ಕೂ ಹೇಳುತ್ತಿತ್ತು. ಜಾಯ್‌ಸ್ಟಿಕ್ಕನ್ನೇ ತೆಗೆದರೆ ಕುರ್ಚಿ ಚಾಲೂ ಆಗಲೊಲ್ಲದು. ಚಾಲೂ ಆಗುವಾಗ ಜಾಯ್‌ಸ್ಟಿಕ್ಕು ಕಳಿಸುವ ಸಂದೇಶಗಳನ್ನೆಲ್ಲ ಹಿಡಿದಿಟ್ಟು, ಹಾಗೆಯೇ ಮರಳಿ ಕಳಿಸುವುದನ್ನು ಕಲಿಯುವುದರಲ್ಲಿ ಚಳಿಗಾಲ ಕಳೆಯಿತು. ಕೊನೆಗೊಂದು ಭಾನುವಾರ ಅವನು ಲ್ಯಾಪ್‌ಟಾಪಿನ ಕೀಲಿ ಒತ್ತಿದಂತೆ ಕುರ್ಚಿ ಮಗ್ಗಗಳತನಕ ಹೋಯಿತು. ಲಗಮಣ್ಣ ಮಗ್ಗ ನಿಲ್ಲಿಸಿ ನೋಡಿದ.

"ಇದೂ ನೂಕಿದಂಗ ಆತಲ್ಲೋ," ಎಂದಳು ಮಧುಮತಿ.

ಅದು ಶಿವಯೋಗಿಗೂ ಗೊತ್ತಿತ್ತು. ತಲೆಯ ಎಡಕ್ಕೊಂದು, ಬಲಕ್ಕೊಂದು, ಹಿಂದೊಂದು ಗುಂಡಿ ಕೂರಿಸಿ, ಲ್ಯಾಪ್‌ಟಾಪನ್ನು ಕುರ್ಚಿಯ ಬೆನ್ನಿಗೆ ಕಟ್ಟಿ ಅದಕ್ಕೆ ಜೋಡಿಸಿದ. ತಲೆಯಿಂದ ಹಿಂದೆ ಒತ್ತಿದರೆ ಕುರ್ಚಿ ಮುಂದಕ್ಕೆ, ಬದಿಗೆ ಒತ್ತಿದರೆ ಆ ಕಡೆ ತಿರುಗುವುದು. ಮಧುಮತಿ ಪಡಸಾಲೆಯಿಂದ ಹೊರಟು, ಎರಡು ಮಗ್ಗಗಳ ನಡುವೆ ಹಾದು, ಯಾರ ಕೈಯೂ ತಾಗದೆ ಮರಳಿ ಬಂದಳು. ಚಹಾ ಕುಡಿಸುವಾಗ ಇನ್ನೊಮ್ಮೆ ಹೋಗಿಬರುತ್ತೇನೆ ಎಂದಳು. ಹೋದಳು.

ಹಾಗೆ ಓಡಾಡಿದ್ದು ಕೆಲವೇ ದಿನ. ಒಂದು ಮಧ್ಯಾಹ್ನ ಮಗ್ಗಗಳ ನಡುವೆ ಅವಳ ಕುತ್ತಿಗೆ ಎಡಕ್ಕೆ ವಾಲಿತು, ಮತ್ತೆ ಏಳಲಿಲ್ಲ. ಗುಂಡಿಯ ಮೇಲೆ ತಲೆಯ ಭಾರ ಬಿದ್ದು ಕುರ್ಚಿ ಎಡಕ್ಕೇ ಸುತ್ತತೊಡಗಿತು. ಮಗ್ಗಗಳ ಸಪ್ಪಳದಲ್ಲಿ ಅವಳ ದನಿ ಯಾರಿಗೂ ಕೇಳಲಿಲ್ಲ. ಕುರ್ಚಿ ಮಗ್ಗದ ಕಾಲಿಗೆ ಬಡಿದಾಗಲೇ ಲಗಮಣ್ಣ ತಿರುಗಿ ನೋಡಿದ್ದು. ಓಡಿಬಂದು ಗುಂಡಿಗಳ ತಂತಿ ಕಿತ್ತ. ಪೆಟ್ಟೇನೂ ಆಗಿರಲಿಲ್ಲ. ಅವಳು ಅಳುತ್ತಿದ್ದಳು, ಕಣ್ಣೀರು ಒಂದೇ ಕಡೆಗೆ ಇಳಿಯುತ್ತಿತ್ತು.

ಸುದ್ದಿ ಕೇಳಿ ಓಡಿಬಂದ ಶಿವಯೋಗಿ, ಕಣ್ಣಿನಿಂದ ನಡೆಯುವಂಥದ್ದನ್ನು ಮಾಡುತ್ತೇನೆ, ಸ್ವಲ್ಪ ದಿನ ಕೊಡು ಎಂದ. ಅದನ್ನು ಮಾಡುವಷ್ಟರಲ್ಲಿ ಇನ್ನೇನು ಹೋಗಿರುತ್ತದೋ ಎಂಬ ಅಳುಕು ಇಬ್ಬರಿಗೂ ಇತ್ತು.

"ಸಾಕ ಬಿಡೋ," ಎಂದಳು. ಅಷ್ಟಕ್ಕೇ ಅವಳಿಗೆ ದಮ್ಮು ಹತ್ತಿತು.

ಬೇಸಿಗೆಯಲ್ಲಿ ಪುಣೆಯ ಸಂಸ್ಥೆಯಿಂದ ಫೋನ್ ಬಂತು. ಕುರ್ಚಿ ಬಳಕೆಯಲ್ಲಿಲ್ಲದಿದ್ದರೆ ಬೀಳಗಿಯ ಹೆಣ್ಣುಮಗಳೊಬ್ಬಳಿಗೆ ಕೊಡಬಹುದಿತ್ತು, ಮೊದಲಿದ್ದ ಹಾಗೆ ಮಾಡಿಕೊಡಿ ಎಂದು ಕೇಳಿದರು. ಲಗಮಣ್ಣ ಒಪ್ಪಿದ. ಶಿವಯೋಗಿ ಒಂದೊಂದೇ ಗುಂಡಿ ಬಿಚ್ಚಿ, ಜಾಯ್‌ಸ್ಟಿಕ್ಕನ್ನು ಮರಳಿ ಕೂರಿಸಿ, ಕೊನೆಯ ಸಲ ಲ್ಯಾಪ್‌ಟಾಪ್ ಜೋಡಿಸಿ ನೋಡಿದ. ಯಾವ ದೋಷವೂ ಇರಲಿಲ್ಲ. ಟೆಂಪೋದವರು ಕುರ್ಚಿ ಏರಿಸಿಕೊಂಡು ಹೋದರು.

ಒಳಗೆ ಮಧುಮತಿ ಮಂಚದ ಮೇಲೆ ಗೋಡೆಯ ಕಡೆ ಮುಖವಾಗಿ ಮಲಗಿದ್ದಳು. ಅವಳ ಮಾತು ತಿಳಿಯಲು ಶಿವಯೋಗಿ ಬಾಯಿಯ ಹತ್ತಿರ ಕಿವಿ ಇಡಬೇಕಾಯಿತು.

"ಆಕಿಗೆ... ಕೈ ಅದಾವು?"

"ಅದಾವಕ್ಕಾ."

ಈ ಕಡೆ ಹೊರಳಿಸಲೇನು ಎಂದು ಅವನು ಕೇಳಿದ. ಬೇಡ ಎಂದಳು. ಅವನು ಅವಳ ಬೆನ್ನ ಹಿಂದೆಯೇ ಕುಳಿತ.