ಕಸ್ತೂರಿಯ ಕೋಡು

ಕಪ್ಪು ಎಮ್ಮೆಯನ್ನು ಕಪ್ಪು ಮಸಿಯಲ್ಲಿ ಬಿಡಿಸುವುದು ಸುಲಭ ಎಂದು ರಾಧಿಕಾಳ ಅತ್ತೆ ಸುಂದ್ರವ್ವ ತಿಳಿದಿದ್ದಳು. ಮಾರ್ಕರ್ ಹಿಡಿದು ತುಂಬಿದರಾಯಿತಲ್ಲ ಎಂದಳು. ರಾಧಿಕಾ ನಕ್ಕಳು. ಹಾಗೆ ತುಂಬಿದರೆ ಉಳಿಯುವುದು ಎಮ್ಮೆಯಲ್ಲ, ಇದ್ದಿಲಿನ ಗುಡ್ಡೆ. ಹತ್ತಿರದ ಊರು ತುಕ್ಕಾನಟ್ಟಿಯ ಸಾವಂತ್ರೆವ್ವ ಫೋಟೋ ಬಿಟ್ಟು ಚಿತ್ರ ಬೇಕೆಂದದ್ದೂ ಅದಕ್ಕೇ. ಮೊಬೈಲಿನಲ್ಲಿ ಹೇಗೆ ಹಿಡಿದರೂ ಅವಳ ಎಮ್ಮೆ ಕಸ್ತೂರಿ ಕಣ್ಣಿರುವ ಕತ್ತಲೆಯಂತೆ ಕಾಣುತ್ತಿತ್ತು.

ಸಾವಂತ್ರೆವ್ವನ ಮಗಳು ಮಾಯಾಳನ್ನು ಕಣಗಲಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಫೋನ್ ಮಾಡಿದಾಗಲೆಲ್ಲ ತಾಯಿಗಿಂತ ಮೊದಲು ಎಮ್ಮೆಯನ್ನು ವಿಚಾರಿಸುವವಳು. ಅವಳ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಆ ಮನೆಯ ಪಡಸಾಲೆಯ ಗೋಡೆಗೆ ಕಸ್ತೂರಿಯನ್ನು ಒಯ್ದು ಕೊಡಬೇಕೆಂದು ತಾಯಿಯ ಆಸೆ.

ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ರಾಧಿಕಾ ಅಂಗಳದ ರಂಗೋಲಿ ಬಿಟ್ಟು ಬೇರೇನನ್ನೂ ಬಿಡಿಸಿರಲಿಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ಮತ್ತೆ ಪೆನ್ನು ಹಿಡಿದಿದ್ದಳು. ಬಿಡಿಸಿದ್ದನ್ನೆಲ್ಲ ಕಪಾಟಿನಲ್ಲಿ ಸೀರೆಗಳ ಕೆಳಗಿಡುತ್ತಿದ್ದಳು. ಒಬ್ಬರು ಕೇಳಿ ಬರೆಸುತ್ತಿರುವುದು ಇದೇ ಮೊದಲು. ಇದು ಒಪ್ಪಿಗೆಯಾದರೆ ತಾನು ಚಿತ್ರ ಬರೆಯುವವಳು, ಇಲ್ಲದಿದ್ದರೆ ಬರೀ ಹೊತ್ತು ಕಳೆಯುವವಳು. ಹಾಗೆಂದು ಯಾರೂ ಹೇಳಿರಲಿಲ್ಲ, ಅವಳೇ ಅಂದುಕೊಂಡಿದ್ದಳು.

ತುಕ್ಕಾನಟ್ಟಿಗೆ ಹೋಗಿ ಎಮ್ಮೆಯನ್ನು ನೋಡಿ ಬಂದು, ದಪ್ಪ ಹಾಳೆಯ ಮೇಲೆ ಪೆನ್ಸಿಲಿನಿಂದ ಹಗುರಾಗಿ ಆಕಾರ ಹಾಕಿದಳು. ಅದರ ಮೇಲೆ ಸಣ್ಣ ನಿಬ್ಬಿನಿಂದ ಮಸಿಯ ಗೆರೆ ಎಳೆದಳು. ಮೈ ಉಬ್ಬಿದಲ್ಲಿ ಗೆರೆಗಳು ದೂರ ದೂರ, ಹೊಟ್ಟೆಯ ಕೆಳಗೆ ಒತ್ತೊತ್ತು. ಹಾಳೆ ಹಾರದಿರಲೆಂದು ಫ್ಯಾನ್ ಆರಿಸಿದ್ದಳು. ಸೊಸೆಯ ಎಮ್ಮೆ ಒಣಗುವುದರೊಳಗೆ ತಾನು ಬೆಂದುಹೋಗುತ್ತೇನೆಂದು ಸುಂದ್ರವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು. ಮಸಿ ಆರಿದ ಮೇಲೆ ರಾಧಿಕಾ ಪೆನ್ಸಿಲಿನ ಗುರುತು ಅಳಿಸಿ, ದಟ್ಟ ನೆರಳಿಗೆ ಮಾತ್ರ ಮಾರ್ಕರ್ ಹಚ್ಚಿದಳು. ಬೆನ್ನು ಹೊಳೆಯಬೇಕಾದಲ್ಲಿ ಹಾಳೆಯನ್ನು ಬಿಳಿಯಾಗಿಯೇ ಬಿಡಬೇಕು. ಕಷ್ಟವೆಂದರೆ ಆ ಬಿಡುವುದೇ. ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ.

ಮೂಡಲಗಿಯ ಸಂತೆಗೆ ಬಂದ ಸಾವಂತ್ರೆವ್ವ ರಾಧಿಕಾಳ ಮನೆಗೂ ಬಂದು ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಭಾಳ ಛಂದ ಐತ್ರಿ ಬಾಯಾರ," ಎಂದಳು. ಮತ್ತೆ ಕೇಳಿದಳು, "ಆದ್ರ ಇದು ಯಾರ ಎಮ್ಮಿ?"

ರಾಧಿಕಾ ಹಾಳೆಯತ್ತ ಬಾಗಿದಳು.

"ನಮ್ಮ ಕಸ್ತೂರಿದು ಬಲಗೋಡು ಡೊಂಕ ಐತ್ರಿ, ಗಲ್ಲದ ತನಕಾ ಇಳದೈತಿ. ಸಾಲಿಂದ ಬಂದಾಕಿನ ನನ್ನ ಮಗಳು ಅದಕ್ಕ ರಿಬ್ಬನ್ ಕಟ್ಟತಿದ್ಲು. ನೀವು ಅದನ್ನ ನೆಟ್ಟಗ ಮಾಡೀರಿ."

ಹಾಳೆಯ ಮೇಲೆ ಎರಡೂ ಕೋಡುಗಳು ಒಂದರ ನೆರಳಿನಂತೆ ಇನ್ನೊಂದು ಹಿಂದಕ್ಕೆ ಬಾಗಿದ್ದವು. ಆ ಡೊಂಕನ್ನು ರಾಧಿಕಾ ಕಣ್ಣಾರೆ ಕಂಡಿದ್ದಳು. ಆದರೆ ವರ್ಷಾನುಗಟ್ಟಲೆ ರಂಗೋಲಿಯಲ್ಲಿ ಎಡದ ಎಸಳಿಗೆ ಬಲದ ಎಸಳನ್ನು ಹೊಂದಿಸುತ್ತ ಬಂದ ಕೈ ಅವಳನ್ನು ಕೇಳದೆಯೇ ಕೋಡನ್ನು ಸರಿಮಾಡಿಬಿಟ್ಟಿತ್ತು. ಮಸಿ ಅಳಿಸಲು ಬರುವುದಿಲ್ಲ.

"ಕೋಡಿಗೆ ಆಪರೇಶನ್ ಮಾಡಿಸೇವಿ ಅಂತ ಮಗಳಿಗೆ ಹೇಳಿಬಿಡು," ಎಂದಳು ಸುಂದ್ರವ್ವ. ಸಾವಂತ್ರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಧಿಕಾಳಿಗೂ ನಗು ಬಂತು, ಕಣ್ಣು ಮಾತ್ರ ಉರಿಯುತ್ತಿತ್ತು. ಈ ಹಾಳೆಯನ್ನೂ ಸೀರೆಗಳ ಕೆಳಗಿಟ್ಟು ಚಹಾ ಮಾಡಲು ಏಳುವುದು ಅವಳಿಗೆ ಗೊತ್ತಿದ್ದ ದಾರಿ. ಅವಳು ಎದ್ದಳು, ಆದರೆ ಪೆನ್ಸಿಲ್, ಪೆನ್ನು, ಮಸಿಯ ಬಾಟಲಿ, ಮಾರ್ಕರ್, ಹೊಸ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡಳು.

"ನಡೀರಿ ಅಕ್ಕಾ, ನಿಮ್ಮ ಕೂಡ ನಾನೂ ಬರ್ತೇನಿ."

ಸಂಜೆಯ ಅಡಿಗೆಯ ನೆನಪಾಗಿ ಅತ್ತೆಯತ್ತ ತಿರುಗಿದಳು. ರೊಟ್ಟಿ ಬಡಿಯುವುದು ತನಗಿನ್ನೂ ಮರೆತಿಲ್ಲ ಎಂದಳು ಸುಂದ್ರವ್ವ.

ತುಕ್ಕಾನಟ್ಟಿಯ ದನದ ಕೊಟ್ಟಿಗೆಯಲ್ಲಿ ಸಾವಂತ್ರೆವ್ವ ಹಾಲು ಹಿಂಡಲು ಕುಳಿತಳು. ರಾಧಿಕಾ ಗೋಣಿಚೀಲ ಹಾಸಿಕೊಂಡು ಎಮ್ಮೆಯ ಮಗ್ಗುಲಿಗೆ ಕುಳಿತು, ಈ ಸಲ ಡೊಂಕು ಕೋಡಿನಿಂದಲೇ ಶುರುಮಾಡಿದಳು. ಕೈ ಎರಡು ಸಲ ಕೋಡನ್ನು ಮೇಲೆತ್ತಲು ಹೋಯಿತು, ಎರಡು ಸಲವೂ ತಡೆದಳು. ಪೆನ್ಸಿಲಿನ ಆಕಾರ ಸಾಕೆನಿಸಿ ನಿಬ್ಬನ್ನು ಮಸಿಯಲ್ಲಿ ಅದ್ದಿದಳು. ಸೊಳ್ಳೆಗಳು ಕಚ್ಚುತ್ತಿದ್ದವು. ಕಸ್ತೂರಿಯ ಬಾಲ ಒಮ್ಮೆ ಅವಳ ಕಿವಿಗೇ ಬಡಿಯಿತು. ಇಂಥ ಸುಖದಲ್ಲಿ ತಾನು ಕುಳಿತು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಾಗಲಿಲ್ಲ.

ಹಾಲಿನ ಚರಿಗೆ ಹಿಡಿದು ಎದ್ದ ಸಾವಂತ್ರೆವ್ವ ಹಾಳೆಯ ಮೇಲೆ ಬಾಗಿದಳು. ಈ ಸಲ ಛಂದ ಐತಿ ಎನ್ನಲಿಲ್ಲ.

"ಏನ ನೋಡ್ತಿ ಹುಚ್ಚಿ, ಕಣಗಲಾಕ ಹೊಂಟಿಯೇನ?" ಎಂದಳು, ಹಾಳೆಗೇ. ಅದರ ಹಣೆ ಸವರಲು ಕೈ ಚಾಚಿದಳು.

ರಾಧಿಕಾ ಆ ಕೈಯನ್ನು ಮೆಲ್ಲನೆ ಹಿಡಿದಳು. "ಆರಾಕ ಬಿಡ್ರಿ ಅಕ್ಕಾ. ಮಸಿ ಇನ್ನೂ ಹಸಿ ಐತಿ."