ವರ್ಷದಿಂದ ಮುಟ್ಟದ ವಸ್ತು

ಬದುಕು ಹಗುರವಾಗಬೇಕು ಎಂದು ನಾಗಭೂಷಣ್ ತೀರ್ಮಾನಿಸಿದ ಮೇಲೆ ಅವರ ಹೆಂಡತಿ ದಾಕ್ಷಾಯಣಮ್ಮನ ಕೆಲಸ ಭಾರವಾಗುತ್ತ ಬಂತು. ಚಿಕ್ಕಪೇಟೆಯ ರೇಷ್ಮೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದ ಗಂಡ, ಇನ್ನು ಲಿಂಗಪೂಜೆ, ವಚನ ಗಾಯನ ಎರಡೇ ಸಾಕು ಎಂದರು. ಒಳ್ಳೆಯ ಮಾತೇ. ಆದರೆ ಚಾಮರಾಜಪೇಟೆಯ ಆ ಮನೆಯಿಂದ ಒಂದೊಂದೇ ಸಾಮಾನು ಹೊರಡತೊಡಗಿತು. ಟಿವಿ ಹೋಯಿತು, ಸೋಫಾ ಹೋಯಿತು. ಫ್ರಿಜ್ಜು ಹೋದ ಮೇಲೆ ಆಕೆ ಹೊತ್ತು ಹೊತ್ತಿಗೂ ತರಕಾರಿಗೆ ಓಡಿದಳು. ವಾಷಿಂಗ್ ಮೆಷಿನ್ ಹೋಗಿ ಮಣಿಕಟ್ಟು ನೋಯತೊಡಗಿತು. ಮಿಕ್ಸಿ ಹೋದ ದಿನ ರುಬ್ಬುಗುಂಡು ಹಿಡಿದು ಕೂತವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಬಂದವರೆಲ್ಲ ಮಾತ್ರ "ಎಷ್ಟು ನೆಮ್ಮದಿ ಸರ್ ಇಲ್ಲಿ" ಎಂದು ನಾಗಭೂಷಣ್‌ಗೆ ಕೈಮುಗಿದು ಹೋಗುತ್ತಿದ್ದರು.

ಅವರದು ಎರಡು ನಿಯಮ. ವರ್ಷದಿಂದ ಮುಟ್ಟದ ವಸ್ತು ಮನೆಯಲ್ಲಿರಬಾರದು. ಪೂಜೆಗೆ ಕೂತವರನ್ನು ಯಾರೂ ಮಾತಾಡಿಸಬಾರದು.

ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಮಂಚದ ಕೆಳಗಿರೋ ವೀಣೆ ಕೊಟ್ಬಿಡೋಣ. ವೈಯಾಲಿಕಾವಲ್‌ನಲ್ಲಿ ಮನೋಹರ್ ಅಂತ ಸಂಗೀತದ ಮೇಷ್ಟ್ರಿದಾರೆ, ನಾಳೆ ಬಂದು ತಗೊಂಡ್ಹೋಗ್ತಾರೆ."

"ಅದು ನಮ್ಮಪ್ಪ ಕೊಡಿಸಿದ್ದು."

"ನೀನದನ್ನ ಮುಟ್ಟಿ ಎಷ್ಟು ಕಾಲ ಆಯ್ತು ಹೇಳು? ಸುಮ್ನೆ ಯಾಕೆ ಮೋಹ?"

ಆಕೆ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಮುಟ್ಟಲು ಹೊತ್ತೆಲ್ಲಿತ್ತು? ಗಂಡನ ಕೊರಳಲ್ಲಿದ್ದಂಥದೇ ಲಿಂಗ ಆಕೆಯ ಕೊರಳಲ್ಲೂ ಇತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲೇರುವ ತನಕ ಕೂರುತ್ತಿದ್ದರು. ಈಕೆ ಕುಕ್ಕರಿನ ಕಡೆಗೊಂದು ಕಿವಿಯಿಟ್ಟು, ಹಾಲು ಉಕ್ಕುವುದರೊಳಗೆ ಪೂಜೆ ಮುಗಿಸುತ್ತಿದ್ದಳು. ಈ ಹೆಂಗಸಿಗೆ ಯಾವಾಗಲೂ ಅವಸರ ಎಂದು ಶಿವನಿಗೂ ಅನ್ನಿಸಿರಬೇಕು.

ಮರುದಿನ ಗಂಡ ಸ್ನಾನಕ್ಕೆ ಹೋದಾಗ ದಾಕ್ಷಾಯಣಮ್ಮ ನಡುಮನೆಯಲ್ಲಿ ಅವರ ಚಾಪೆಯ ಮೇಲೆಯೇ ಕೂತಳು. ವೀಣೆಯನ್ನು ಮಗ್ಗುಲಿಗಿಟ್ಟುಕೊಂಡು, ಹಣೆಗೆ ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟಳು.

ಬಚ್ಚಲಿನಿಂದ ಬಂದ ನಾಗಭೂಷಣ್ ಬಾಯಿ ತೆರೆದರು. ತಮ್ಮದೇ ನಿಯಮ ನೆನಪಾಗಿ ಮುಚ್ಚಿದರು. ಅಡುಗೆಮನೆಗೆ ಇಣುಕಿದರು, ಒಲೆ ತಣ್ಣಗಿತ್ತು. ಮೂಲೆಯಲ್ಲಿ ಕೂತು ತಮ್ಮ ಪೂಜೆಯನ್ನು ಎಂದಿಗಿಂತ ಬೇಗ ಮುಗಿಸಿದರು. ಆಕೆ ಏಳಲಿಲ್ಲ. ಎದ್ದರೆ ವೀಣೆ ಹೋಯಿತೆಂದೇ ಲೆಕ್ಕ. ಲಿಂಗ ಹಿಡಿದ ಅಂಗೈ ಅಲುಗಲಿಲ್ಲ.

ಬಾಗಿಲ ಬೆಲ್ ಆಯಿತು. ಮನೋಹರ್ ಮೇಷ್ಟ್ರು ಬಂದವರು ಆಕೆಯನ್ನು ನೋಡಿ ಗೋಡೆಗೆ ಒತ್ತಿ ನಿಂತರು. ಇಬ್ಬರು ಗಂಡಸರೂ ಉಸಿರು ಬಿಗಿಹಿಡಿದು ಕಾದರು.

ಕೊನೆಗೆ ದಾಕ್ಷಾಯಣಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳ ಕರಡಿಗೆಯಲ್ಲಿಟ್ಟಳು. ಮೇಷ್ಟ್ರು ಬಗ್ಗಿ ಕೈ ಚಾಚುವಷ್ಟರಲ್ಲಿ ವೀಣೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿದಳು. ಶ್ರುತಿ ಕೆಟ್ಟು ಕರ್ಕಶ ಸದ್ದು ಬಂತು, ಬೆರಳು ಚುರುಗುಟ್ಟಿತು.

"ಮುಟ್ಟಿದೀನಿ. ಇನ್ನು ಕೊಡೋ ಹಾಗಿಲ್ಲ" ಎಂದಳು.

"ಬಂದವರ ಮುಂದೆ ಇದೇನು?" ನಾಗಭೂಷಣ್ ದನಿ ಗಡುಸಾಯಿತು. "ಏಳು, ಅವರಿಗೆ ತಿಂಡಿ ಮಾಡು."

"ಏಳಲ್ಲ ರೀ. ನೀವು ವರ್ಷದಿಂದ ಮುಟ್ಟದ್ದು ಅಡುಗೆಮನೇಲೊಂದಿದೆ. ಒಲೆ. ಇವತ್ತಿಂದ ಬೆಳಗಿನ ಹೊತ್ತು ನಾನೂ ಮುಟ್ಟಲ್ಲ. ಬೇಕಾದ್ರೆ ಅದನ್ನ ಕೊಟ್ಕಳಿಸಿ."

ಮೇಷ್ಟ್ರು ನೆಲ ನೋಡಿದರು. "ಇನ್ನೊಂದಿನ ಬರ್ತೀನಿ ಸರ್" ಎಂದು ಚಪ್ಪಲಿ ಮೆಟ್ಟಿದರು. ಹೊಸ್ತಿಲಲ್ಲಿ ತಿರುಗಿ, "ಅಮ್ಮಾ, ತಂತಿ ತುಕ್ಕು ಹಿಡಿದಿದೆ, ಹೊಸದು ಹಾಕಿಸ್ಕೊಳ್ಳಿ" ಎಂದರು.

ಬಾಗಿಲು ಮುಚ್ಚಿತು. ನಾಗಭೂಷಣ್ ಮುಖ ಕೆಂಪಗಾಗಿತ್ತು. ಮದುವೆಯಾದಾಗಿನಿಂದ ಆಕೆ ಹೀಗೆ ಎದುರು ಮಾತಾಡಿದ್ದಿಲ್ಲ, ಈಗ ಆಕೆಗೇ ಭಯವಾಯಿತು. ಕಿತ್ತುಕೊಂಡರೆ ಎಂದು ವೀಣೆಯನ್ನು ಅಪ್ಪಿಕೊಂಡಳು. ಅವರು ಆ ತಂತಿಗಳನ್ನೊಮ್ಮೆ ನೋಡಿ ಅಡುಗೆಮನೆಗೆ ನಡೆದರು.

ಡಬ್ಬಿಯೊಂದು ಬಿತ್ತು. ನಲ್ಲಿ ತಿರುಗಿತು. ಆಮೇಲೆ ಲೈಟರ್ ಟಕ್ ಟಕ್ ಎಂದಿತು. ಉರಿ ಹತ್ತಲಿಲ್ಲ.

'ಎಡಗಡೇದು ಹತ್ತಲ್ಲ, ಬಲಗಡೇದು ಹಚ್ಚಿ.' ಮಾತು ನಾಲಿಗೆ ತುದಿಗೆ ಬಂದಿತ್ತು. ಆಕೆಗೆ ಗೊತ್ತಿಲ್ಲದೆಯೇ ಒಂದು ಮಂಡಿ ನೆಲದಿಂದ ಮೇಲೆದ್ದಿತ್ತು.

ಮತ್ತೆ ಟಕ್ ಟಕ್.

ದಾಕ್ಷಾಯಣಮ್ಮ ಮಂಡಿಯನ್ನು ಕೆಳಗಿಳಿಸಿದಳು. ಉರಿಯುತ್ತಿದ್ದ ಬೆರಳನ್ನು ತಂತಿಯ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು.