ಹಿಂದೆಗೆಯದ ಕಾಲು

ಚೆಂಡು ಅಚ್ಚುತನ ಕಾಲಿನಲ್ಲಿತ್ತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಕಣ್ಣು ಮುಚ್ಚಿ ಹೊಡೆದರೂ ಗೋಲಾಗುವಷ್ಟು ಹತ್ತಿರ. ಪುತ್ತೂರಿನ ಮೈದಾನದ ಸುತ್ತ ನಿಂತಿದ್ದ ಜನ ಕೂಗುವುದಕ್ಕೆಂದು ಬಾಯಿ ತೆರೆದಿದ್ದರು. ಕೀಪರ್ ಮುಂದಕ್ಕೆ ಧುಮುಕಿದ. ಅಚ್ಚುತ ನಿಂತೇಬಿಟ್ಟ. ಚೆಂಡು ತನ್ನಷ್ಟಕ್ಕೆ ಉರುಳಿ ಹೋಗಿ ಕೀಪರನ ಎದೆಗೆ ಸೇರಿತು.

"ಎಂತ ಆಯ್ತು ಮಾರಾಯ ನಿನಗೆ?" ಎನ್ನುತ್ತ ತಂಡದ ನಾಯಕ ತ್ಯಾಂಪಣ್ಣ ಓಡಿ ಬಂದ.

"ಕಾಲು ಹಿಡಿಯಿತು," ಎಂದ ಅಚ್ಚುತ. ಅದು ಸುಳ್ಳು. ಆ ದಿನ ಕೊಯಿಲದ ತಂಡ ಒಂದು ಗೋಲಿನಿಂದ ಸೋತಿತು.

ಅಚ್ಚುತ ಸುಳ್ಯದ ಕಡೆಯ ಗೌಡರವನು. ಕೊಯಿಲದ ಜಾನುವಾರು ಕ್ಷೇತ್ರದಲ್ಲಿ ಹುಲ್ಲು ಬೆಳೆಸುವ ವಿಭಾಗದಲ್ಲಿ ಅವನಿಗೆ ಕೆಲಸ. ಎಪ್ಪತ್ತೊಂದರಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಊರಿನ ತಂಡದ ಸೆಂಟರ್ ಫಾರ್ವರ್ಡ್ ಆಗಿದ್ದ. ಕಡಬ, ಉಪ್ಪಿನಂಗಡಿ, ಪುತ್ತೂರು, ಸುಳ್ಯ: ಇಷ್ಟೇ ಅವನ ಆಟದ ಲೋಕ. ಮಂಗಳೂರಿನ ತಂಡವೊಂದರವರು ಒಮ್ಮೆ ಬಂದು ನೋಡಿ, "ಓಟ ಉಂಟು, ಆದರೆ ಎಡಗಾಲು ಬರೇ ನಿಲ್ಲಲಿಕ್ಕೆ," ಎಂದು ನಕ್ಕು ಹೋಗಿದ್ದರು. ಅಚ್ಚುತ ಅದನ್ನು ಹೆಚ್ಚು ದಿನ ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಹೊಡೆದ ಗೋಲೂ ಗೋಲೇ ಎಂದುಕೊಂಡಿದ್ದ.

ಎಪ್ಪತ್ತೊಂಬತ್ತರ ಜನವರಿಯವರೆಗೆ ಅವನನ್ನು ಯಾವುದೂ ಕಾಡಿರಲಿಲ್ಲ. ಆ ತಿಂಗಳು ಸುಳ್ಯದಲ್ಲಿ ಫೈನಲ್. ಎರಡೂ ಕಡೆ ಸಮಸಮ, ಉಳಿದದ್ದು ಎರಡೇ ನಿಮಿಷ. ಸುಳ್ಯದ ಗೋಲ್‌ಕೀಪರ್ ಅಂದುಞಿ, ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟವನು. ಚೆಂಡು ಇಬ್ಬರ ನಡುವೆ ಬಿತ್ತು. ಇಬ್ಬರೂ ಓಡಿದರು. ಅಂದುಞಿ ಕಾಲು ಮುಂದೆ ಚಾಚಿ ಜಾರಿದ. ಅಚ್ಚುತನ ಬೂಟಿನ ತುದಿ ತಾಗಿ ಚೆಂಡು ಬಲೆಗೆ ಹೋಯಿತು. ಅದರ ಹಿಂದೆಯೇ ಇಡೀ ಕಾಲು ಅಂದುಞಿಯ ಮೊಣಕಾಲಿಗೆ ಬಡಿಯಿತು. ಸದ್ದು ಗದ್ದೆಯ ಆಚೆಬದಿಗೂ ಕೇಳಿಸಿತಂತೆ.

ರೆಫರಿ ಗೋಲು ಕೊಟ್ಟ. ಶೀಲ್ಡು ಕೊಯಿಲಕ್ಕೆ ಬಂತು. "ಆಟದಲ್ಲಿ ಇದೆಲ್ಲ ಆಗುದೇ," ಎಂದು ಸುಳ್ಯದವರೇ ಹೇಳಿದರು. ಆದರೆ ಕಾಲನ್ನು ಹಿಂದೆಗೆಯಲು ಸಮಯವಿತ್ತು. ಎವೆ ಮುಚ್ಚಿ ತೆರೆಯುವಷ್ಟೇ ಸಮಯ, ಆದರೂ ಇತ್ತು. ಅದು ಗೊತ್ತಿದ್ದದ್ದು ತನಗೊಬ್ಬನಿಗೇ ಎಂದು ಅಚ್ಚುತ ತಿಳಿದಿದ್ದ. ಎರಡು ಸಲ ಅಂದುಞಿಯ ಮನೆಗೆ ಹೋಗಿ ಅವನ ತಾಯಿ ನೆಬೀಸ ಬಡಿಸಿದ ಅಕ್ಕಿರೊಟ್ಟಿ ತಿಂದು, "ನನಗೆ ಗೊತ್ತೇ ಆಗ್ಲಿಲ್ಲ," ಎಂದು ಹೇಳಿ ಬಂದಿದ್ದ.

ಅದಾಗಿ ನಾಲ್ಕು ತಿಂಗಳಿಗೆ, ಪುತ್ತೂರಿನಲ್ಲಿ ಸೋತ ಮರುದಿನ, ಅವನು ರಜೆ ಹಾಕಿ ಸುಳ್ಯದ ಬಸ್ಸು ಹತ್ತಿದ.

ಅಂಗಡಿಯಲ್ಲಿ ಅಂದುಞಿ ಎಡಗಾಲಿನಿಂದ ಮೆಷಿನು ತುಳಿಯುತ್ತಿದ್ದ. ಮಡಚಲಾಗದ ಬಲಗಾಲನ್ನು ಒಂದು ಸಣ್ಣ ಮಣೆಯ ಮೇಲೆ ನೀಡಿಟ್ಟಿದ್ದ. ನೆಬೀಸ ಪಕ್ಕದಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದರು.

"ಅಂದುಞಿ, ಒಂದು ಹೇಳ್ಲಿಕ್ಕುಂಟು. ಅವತ್ತು ಕಾಲು ತೆಗಿಲಿಕ್ಕೆ ಆಗ್ತಿತ್ತು. ನಾನು ತೆಗಿಲಿಲ್ಲ."

ಮೆಷಿನು ನಿಂತಿತು. ಅಂದುಞಿ ಸೂಜಿಯ ಕೆಳಗಿನ ಬಟ್ಟೆಯನ್ನು ಸ್ವಲ್ಪ ಸರಿಪಡಿಸಿದ.

"ಗೊತ್ತುಂಟು."

"ಗೊತ್ತುಂಟಾ?"

"ಕೀಪರ್ ಆದವ ಬಾಲು ಮಾತ್ರ ನೋಡುದಲ್ಲ ಮಾರಾಯ, ಹೊಡಿಯುವವನ ಮುಖ ನೋಡುದು. ನೀನೇ ಬಂದು ಹೇಳ್ಲಿ ಅಂತ ಕಾದೆ. ನಾಲ್ಕು ತಿಂಗಳು ಮಾಡಿದೆ ನೀನು."

ನೆಬೀಸ ಎದ್ದರು. "ಎರಡು ಸಲ ನನ್ನ ಕೈಯಿಂದ ಮಗನ ಹಾಗೆ ತಿಂದು ಹೋದ್ಯಲ್ಲಾ ಮೋನೇ," ಎಂದಷ್ಟೇ ಹೇಳಿ ಪರದೆಯ ಹಿಂದೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

"ತಪ್ಪಾಯ್ತು," ಎಂದ ಅಚ್ಚುತ.

"ತಪ್ಪಾಯ್ತು ಅಂದ್ರೆ ಮೊಣಕಾಲು ಮಡಚ್ತದಾ?" ಅಂದುಞಿಯ ಸ್ವರ ಏರಲಿಲ್ಲ. "ನಿನ್ನೆ ಪುತ್ತೂರಲ್ಲಿ ಬಾಲು ಬಿಟ್ಟು ನಿಂತಿಯಂತೆ, ಬಸ್ಸಿನವರು ಹೇಳಿದ್ರು. ಅದರಿಂದ ನನಗೆ ಎಂತ ಬಂತು? ಆಡುದಾದ್ರೆ ಸರಿ ಆಡು. ಕಾಲು ತೆಗಿಲಿಕ್ಕೆ ಕಲಿ. ಇಲ್ಲದಿದ್ರೆ ಹುಲ್ಲು ಕೊಯ್ದುಕೊಂಡು ಇರು."

ಮೆಷಿನು ಮತ್ತೆ ಓಡತೊಡಗಿತು. ಅಚ್ಚುತ ಬಸ್‌ಸ್ಟ್ಯಾಂಡಿನ ಕಡೆ ಹೊರಟ.

ಅವನು ಇನ್ನೂ ಆರು ವರ್ಷ ಆಡಿದ. ಗೋಲುಗಳು ಕಡಿಮೆಯಾದವು. "ಅಚ್ಚುತಂಗೆ ಮದುವೆ ಆದ ಮೇಲೆ ಹೆದರಿಕೆ ಶುರುವಾಗಿದೆ," ಎಂದು ಜನ ನಕ್ಕರು. ತಿಂಗಳಿಗೊಮ್ಮೆ ಅವನು ಸುಳ್ಯಕ್ಕೆ ಹೋಗುತ್ತಿದ್ದ. ಅಂದುಞಿ ಆಟದ ಸುದ್ದಿ ಕೇಳುತ್ತಿದ್ದ, ಬೈಯುತ್ತಿದ್ದ. ನೆಬೀಸ ಎರಡು ವರ್ಷ ಅವನೊಡನೆ ಮಾತಾಡಲಿಲ್ಲ. ಮೂರನೆಯ ವರ್ಷದ ಒಂದು ದಿನ, ತಲೆ ಎತ್ತದೆ, "ಕೊಯಿಲದಲ್ಲಿ ಮಳೆ ಉಂಟಾ?" ಎಂದು ಕೇಳಿದರು. ಅಚ್ಚುತ ಆ ಒಂದು ಪ್ರಶ್ನೆಗೆ ಬಹಳ ಉದ್ದದ ಉತ್ತರ ಕೊಟ್ಟ.

ಎಂಬತ್ತೈದರಲ್ಲಿ ಕಡಬದಲ್ಲಿ ಅವನ ಕೊನೆಯ ಪಂದ್ಯ. ಅಂದುಞಿ ಬಸ್ಸು ಹಿಡಿದು ಬಂದು, ಗದ್ದೆಯ ಬದುವಿನ ಮೇಲೆ ಕಾಲು ನೀಡಿ ಕುಳಿತಿದ್ದ. ಆಟ ಮುಗಿಯಲು ಸ್ವಲ್ಪವೇ ಇದೆ ಎನ್ನುವಾಗ ಚೆಂಡು ಅಚ್ಚುತನ ಮುಂದೆ ಪುಟಿಯಿತು. ಎದುರು ತಂಡ ಇಚಿಲಂಪಾಡಿಯ ಎಳೆಯ ಕೀಪರ್ ಹಿಂದುಮುಂದು ನೋಡದೆ ಅದರ ಮೇಲೆ ಬಿದ್ದ. ಅಚ್ಚುತ ಬೀಸಿದ ಕಾಲನ್ನು ಎಳೆದುಕೊಂಡು, ಅವನನ್ನು ದಾಟಿ ಹಾರಿ, ಆಚೆಗೆ ಗಟ್ಟಿ ನೆಲದ ಮೇಲೆ ಭುಜ ಊರಿ ಬಿದ್ದ.

"ಛೆ, ಹೊಡಿಬೇಕಿತ್ತು!" ಎಂದು ಯಾರೋ ಕೂಗಿದರು.

ಬದುವಿನಲ್ಲಿ ಜಾಗ ಹುಡುಕುತ್ತ ಒಬ್ಬ ಮುದುಕ ಬಂದಿದ್ದ. ಅಂದುಞಿ ಎರಡೂ ಕೈಯಿಂದ ತನ್ನ ಬಲಗಾಲನ್ನು ಎತ್ತಿ, ಮೆಲ್ಲನೆ ಒಂದು ಬದಿಗೆ ಇಟ್ಟು, ಅವನಿಗೆ ಕೂರಲು ಎಡೆ ಮಾಡಿಕೊಟ್ಟ.